ಹುಣಸೆಹಣ್ಣಿನಲ್ಲಿ ತೊಳೆದ ಕಲ್ಲು

ನನಗೆ ತಾಳ್ಮೆ ಕಡಿಮೆ. ಮೈಸೂರಿನ ಕಾಲೇಜಿನಲ್ಲಿ ಹನ್ನೊಂದು ವರ್ಷ ಕೆಮಿಸ್ಟ್ರಿ ಪಾಠ ಮಾಡಿದಾಗಲೂ ಹಾಗೆಯೇ ಇದ್ದೆ. ಲ್ಯಾಬಿನಲ್ಲಿ ಹುಡುಗಿಯರು ಬ್ಯೂರೆಟ್ಟಿನ ಗಾಜಿನ ಕೊಳವೆಯಿಂದ ಆಸಿಡ್ ಹನಿ ಹನಿಯಾಗಿ ಬಿಡುತ್ತ ನಿಂತರೆ ಅವರನ್ನು ಪಕ್ಕಕ್ಕೆ ಸರಿಸಿ ನಾನೇ ಮುಗಿಸಿಬಿಡುತ್ತಿದ್ದೆ. ಈ ಸ್ವಭಾವದಿಂದ ಆದ ಅನಾಹುತಗಳು ಒಂದೆರಡಲ್ಲ. ಹೆಚ್ಚಿನವು ಮರೆತುಹೋಗಿವೆ, ಒಂದು ಮಾತ್ರ ಹೋಗಿಲ್ಲ.

ಗಂಡನ ಕೆಲಸದ ಹಿಂದೆ ಆಸ್ಟ್ರೇಲಿಯಾದ ಪರ್ತ್‌ಗೆ ಬಂದು, ಕ್ಯಾನಿಂಗ್ ವೇಲ್‌ನಲ್ಲಿ ಎರಡು ವರ್ಷ ಮನೆಯೊಳಗೇ ಕೂತು, ಆಮೇಲೆ ಅಡಿಲೇಡ್‌ನ ಬ್ಲೇರ್ ಅಥಾಲ್‌ಗೆ ಸಾಮಾನು ಸಾಗಿಸಿದ್ದೆವು. ಎಲ್ಲಿ ಅರ್ಜಿ ಹಾಕಿದರೂ ಒಂದೇ ಪ್ರಶ್ನೆ: ಇಲ್ಲಿಯ ಅನುಭವ ಇದೆಯೇ, ಇಲ್ಲಿಯವರು ಯಾರಾದರೂ ನಿಮ್ಮ ಬಗ್ಗೆ ಎರಡು ಮಾತು ಹೇಳುತ್ತಾರೆಯೇ? ಸಂಬಳವಿಲ್ಲದೆ ಏನಾದರೂ ಸೇವೆ ಮಾಡಿ, ರೆಫರೆನ್ಸ್ ಸಿಗುತ್ತದೆ ಎಂದು ಪರಿಚಯದವರು ಹೇಳಿದರು. ಲೈಬ್ರರಿಯ ಬೋರ್ಡಿನಲ್ಲಿ ಅಂಟಿಸಿದ್ದ ಚೀಟಿಗಳಲ್ಲಿ ನನಗೆ ಹೊಂದುವುದು ಒಂದೇ ಇತ್ತು. ಊರಾಚೆ, ಗೋಧಿ ಹೊಲಗಳ ನಡುವೆ ಇರುವ ಹಳೆಯ ಸ್ಮಶಾನವೊಂದನ್ನು ಉಳಿಸಿಕೊಳ್ಳಲು ಶನಿವಾರ ಬರುವವರು ಬೇಕು ಎಂದು ಅದರಲ್ಲಿತ್ತು.

"ಸ್ಮಶಾನಾನಾ? ಬೇರೆ ಏನೂ ಸಿಗ್ಲಿಲ್ವಾ ನಿಂಗೆ?" ಎಂದರು ನಮ್ಮನೆಯವರು.

"ನಿಮ್ಮ ಆಫೀಸಲ್ಲಿ ಕೆಲ್ಸ ಕೊಡ್ಸಿ, ಹೋಗಲ್ಲ," ಎಂದೆ. ಅವರು ಹಿತ್ತಲಿನ ನಲ್ಲಿಯ ಪಕ್ಕ ಒಂದು ಬಕೆಟ್ಟು ಇಟ್ಟರು. ಶನಿವಾರ ಮನೆಗೆ ಬಂದರೆ ಅಲ್ಲಿ ಕಾಲು ತೊಳೆದು, ಯಾರನ್ನೂ ಮುಟ್ಟದೆ ನೇರವಾಗಿ ಸ್ನಾನಕ್ಕೆ ಹೋಗುವುದು ನಿಯಮವಾಯಿತು.

ಆ ಸ್ಮಶಾನವನ್ನು ನೋಡಿಕೊಳ್ಳುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ರೈತ. ಹರೆಯದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಹೆಸರು ಹಿಡಿದು ಕರಿ ಎಂದು ಎಷ್ಟು ಹೇಳಿದರೂ ನನಗೆ ನಾಲಿಗೆ ಏಳಲಿಲ್ಲ, ಅಂಕಲ್ ಎಂದೇ ಕರೆದೆ. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ, ನನ್ನ ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲ ದಿನ ಅವರು ಸೈನಿಕರ ಸಮಾಧಿಗಳನ್ನು ತೋರಿಸಿದರು. ಐದಾರು ಇದ್ದವು. "ಯುದ್ಧದಲ್ಲೇ ಸತ್ತವ್ರ ಹೆಸ್ರು ಊರಿನ ಸ್ಮಾರಕದ ಮೇಲಿದೆ. ಬದುಕಿ ವಾಪಸ್ ಬಂದು ಆಮೇಲೆ ಸತ್ತವ್ರಿಗೆ ಈ ಕಲ್ಲಷ್ಟೇ," ಎಂದರು. ನಂತರ ಬಕೆಟ್ಟು, ಬ್ರಷ್ಷು ಕೊಟ್ಟು ಹೇಳಿದರು: "ನೀರು, ಮೆತ್ತನೆ ಬ್ರಷ್ಷು, ಅಷ್ಟೇ. ಬೇರೇನೂ ಮುಟ್ಟಿಸ್ಬೇಡ. ಒಂದು ಶನಿವಾರಕ್ಕೆ ಒಂದು ಬೆರಳಗಲ ಬಿಡಿಸಿದ್ರೂ ಸಾಕು."

ನನ್ನ ಪಾಲಿಗೆ ಬಂದದ್ದು ಮೊದಲ ಮಹಾಯುದ್ಧದಿಂದ ಮರಳಿ, ಸುಮಾರು ಇಪ್ಪತ್ತು ವರ್ಷ ಬದುಕಿ ತೀರಿಕೊಂಡವನೊಬ್ಬನ ಕಲ್ಲು. ಬಿಳಿಯ ಅಮೃತಶಿಲೆ. ಹೆಸರು, ಸೈನ್ಯದ ನಂಬರು ಆಳವಾಗಿ ಕೆತ್ತಿದ್ದವು, ಓದಬಹುದಿತ್ತು. ಅವುಗಳ ಕೆಳಗೆ ತೆಳುವಾಗಿ ಕೆತ್ತಿದ ಇನ್ನೊಂದು ಸಾಲು ಇದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಅದರ ಮೇಲೆ ಕಲ್ಲುಹೂವು ದಪ್ಪಗೆ ಹತ್ತಿಕೊಂಡಿತ್ತು, ನಾವು ಮಸಾಲೆಗೆ ಹುರಿಯುತ್ತೇವಲ್ಲ, ಆ ಜಾತಿಯದೇ, ಬಣ್ಣ ಮಾತ್ರ ಕಿತ್ತಳೆ.

ಫೆಬ್ರವರಿಯಲ್ಲಿ ಬ್ರಿಸ್ಬೇನ್‌ನಿಂದ ಅಂಕಲ್‌ಗೆ ಒಂದು ಕಾಗದ ಬಂತು. ಬರೆದವರು ಆ ಸೈನಿಕನ ತಂಗಿಯ ಮಗಳು. ಈಗ ಎಂಬತ್ತನಾಲ್ಕು ವರ್ಷ. ಕಲ್ಲು ನಿಲ್ಲಿಸಿದ್ದು ಅವರ ತಾಯಿ, ಕೊನೆಯ ಸಾಲು ಬರೆಸಿದ್ದೂ ಅವರೇ. ಆಗ ಈಕೆ ಆರು ವರ್ಷದ ಮಗು. ಆ ವರ್ಷವೇ ಅವರ ಕುಟುಂಬ ಊರು ಬಿಟ್ಟಿತು. ತಾಯಿ ಅಣ್ಣನ ಮಾತು ಎತ್ತಿದರೆ ಅಳುತ್ತಿದ್ದರಂತೆ. ಹಾಗಾಗಿ ಆ ಸಾಲಿನಲ್ಲಿ ಏನಿದೆ ಎಂದು ಮಗಳು ಕೇಳಲೇ ಇಲ್ಲ, ತಾಯಿ ಹೇಳದೆಯೇ ಹೋದರು. ಏಪ್ರಿಲ್ ಇಪ್ಪತ್ತೈದಕ್ಕೆ, ಯುದ್ಧಕ್ಕೆ ಹೋದವರನ್ನು ನೆನೆಯುವ ಆನ್ಜಾಕ್ ದಿನದ ಸ್ಮರಣೆಗೆ ಬರುತ್ತೇನೆ, ಆ ಸಾಲನ್ನು ನನ್ನ ಕಣ್ಣಿಂದ ಓದಬೇಕು ಎಂದು ಬರೆದಿದ್ದರು.

ಅಂಕಲ್ ಕಾಗದ ಓದಿ ಹೇಳಿ ನನ್ನ ಕಡೆ ನೋಡಿದರು. "ಆಗುತ್ತಾ?"

"ಆಗುತ್ತೆ," ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು.

ಆಗಲಿಲ್ಲ. ಏಳೆಂಟು ಶನಿವಾರ ನೀರು ಚಿಮುಕಿಸಿ, ಮಂಡಿಯೂರಿ ಉಜ್ಜಿದೆ. ಬೆರಳಗಲ ಹೋಗಲಿ, ಉಗುರಗಲ ಬಿಟ್ಟರೆ ಹೆಚ್ಚು. ಏಪ್ರಿಲ್ ಬಂತು. ಕಲ್ಲುಹೂವು ಅಲ್ಲೇ ಕೂತಿತ್ತು. ನನಗೆ ಮೈ ಉರಿಯತೊಡಗಿತು. ಈ ಜನಕ್ಕೆ ತಿಕ್ಕುವುದೇ ಬರುವುದಿಲ್ಲ ಎನಿಸಿತು. ನಮ್ಮಮ್ಮ ಹಬ್ಬದ ಹಿಂದಿನ ದಿನ ಕಪ್ಪುಗಟ್ಟಿದ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು, ಉಪ್ಪು ಹಾಕಿ ಎರಡೇ ನಿಮಿಷದಲ್ಲಿ ಫಳಫಳ ಮಾಡುತ್ತಿದ್ದರು. ನನ್ನ ಕೈಯೂ ಅದರಲ್ಲೇ ಪಳಗಿದ್ದು.

ಸ್ಮರಣೆಗೆ ಮುಂಚಿನ ಶನಿವಾರ ಬೆಳಿಗ್ಗೆ ಒಂದು ಡಬ್ಬಿಯ ತುಂಬ ಹುಣಸೆಹಣ್ಣು ನೆನೆಸಿಕೊಂಡು ಹೊರಟೆ.

"ಪಿಕ್ನಿಕ್ಕಾ? ಪುಳಿಯೋಗರೆ ಅಲ್ಲೇ ಮಾಡ್ತೀಯಾ?" ಎಂದರು ನಮ್ಮನೆಯವರು. ನಗಲಿಲ್ಲ ನಾನು.

ಅಂಕಲ್ ಸ್ಮಶಾನದ ಆ ಕೊನೆಯಲ್ಲಿ ಬೇಲಿ ಸರಿಮಾಡುತ್ತಿದ್ದರು. ನಾನು ಹಣ್ಣು ಹಿಸುಕಿ, ಉಪ್ಪು ಬೆರೆಸಿ, ಕಲ್ಲಿನ ಕೆಳಭಾಗಕ್ಕೆ ಮೆತ್ತಿದೆ. ಸಣ್ಣಗೆ ನೊರೆ ಎದ್ದಿತು. ಕೊಳೆ ಬಿಡುತ್ತಿದೆ ಎಂದು ಖುಷಿಯಾಯಿತು. ಇನ್ನಷ್ಟು ಮೆತ್ತಿದೆ. ತೆಂಗಿನ ನಾರು ತಂದಿದ್ದೆ, ಅದರಲ್ಲಿ ಗಸಗಸ ತಿಕ್ಕಿದೆ. ಕಲ್ಲುಹೂವು ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಬಕೆಟ್ಟಿನ ನೀರು ಸುರಿದೆ.

ಕಲ್ಲು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ ಹೊಳೆಯಿತು. ಕೊನೆಯ ಸಾಲು ಇರಬೇಕಾದ ಕಡೆ ಏನೂ ಇರಲಿಲ್ಲ.

ಅಂಗೈಯಿಂದ ಸವರಿದೆ. ತರಿತರಿ, ಅಕ್ಷರ ಸಿಗಲಿಲ್ಲ. ಆಗ ಆ ನೊರೆ ಏನೆಂದು ತಲೆಗೆ ಹೋಯಿತು. ಕ್ಯಾಲ್ಸಿಯಂ ಕಾರ್ಬೊನೇಟಿಗೆ ಆಸಿಡ್ ಬಿದ್ದರೆ ಗುಳ್ಳೆ ಏಳುತ್ತದೆ, ಕಲ್ಲು ಕರಗುತ್ತದೆ. ಮೊದಲ ವರ್ಷದ ಮಕ್ಕಳಿಗೆ ಮೊದಲ ವಾರ ತೋರಿಸುವ ಪ್ರಯೋಗ. ಹನ್ನೊಂದು ವರ್ಷ ತೋರಿಸಿದ್ದೇನೆ. ಹುಣಸೆಹಣ್ಣಿನಲ್ಲಿರುವುದು ಯಾವ ಆಸಿಡ್ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಅಮೃತಶಿಲೆ ಎಂದರೆ ಅದೇ ಕ್ಯಾಲ್ಸಿಯಂ ಕಾರ್ಬೊನೇಟು ಎಂಬುದು ಕೈಗೆ ನೆನಪಾಗಲಿಲ್ಲ. ಡಬ್ಬಿಯನ್ನು ಚೀಲದೊಳಕ್ಕೆ ತುರುಕಿದೆ.

ಅಷ್ಟರಲ್ಲಿ ಅಂಕಲ್ ಬಂದರು. ಒದ್ದೆ ಕಲ್ಲನ್ನು ದೂರದಿಂದ ನೋಡಿ ಕೈ ತಟ್ಟಿದರು. ಹತ್ತಿರ ಬಂದು ಬಗ್ಗಿದಾಗ ಅವರ ಮುಖ ಬದಲಾಯಿತು. "ಅಕ್ಷರ ಕಾಣ್ತಿಲ್ವಲ್ಲ. ಏನ್ ಹಾಕ್ದೆ?"

"ನೀರು," ಎಂದೆ.

ಕಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು. "ಹಳೇ ಕಲ್ಲು. ಕಲ್ಲುಹೂವೇ ತಿಂದುಬಿಟ್ಟಿರ್ಬೇಕು ಪಾಪ," ಎಂದರು. ನಂತರ ಜೇಬಿನಿಂದ ಒಂದು ಕವರು ತೆಗೆದು ಕೊಟ್ಟರು. ನಾನು ಕೇಳಿದ್ದ ರೆಫರೆನ್ಸ್. ಕಾರಿನಲ್ಲಿ ಕೂತು ಒಡೆದೆ. ಪ್ರಾಮಾಣಿಕಳು, ಬಹಳ ತಾಳ್ಮೆಯವಳು ಎಂದಿತ್ತು.

ಆ ದಿನ ಹಿತ್ತಲಿನಲ್ಲಿ ಕಾಲು ತೊಳೆದೆ, ಸ್ನಾನ ಮಾಡಿದೆ, ಸಂಜೆ ಇನ್ನೊಮ್ಮೆ ಮಾಡಿದೆ. ನಮ್ಮನೆಯವರಿಗೆ ಎಲ್ಲ ಹೇಳಿದೆ.

"ಯಾರೂ ನೋಡಿಲ್ವಲ್ಲ, ಬಿಟ್ಬಿಡು," ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ, "ಆ ಅಜ್ಜಿ ಅಷ್ಟು ದೂರದಿಂದ ಬರ್ತಾರೆ ಅಲ್ವಾ," ಎಂದರು.

ವಾರವೆಲ್ಲ ಒಂದೇ ಯೋಚನೆ. ಅಕ್ಷರ ಪೂರ್ತಿ ಹೋಗಿದೆಯೋ, ಕಣ್ಣಿಗೆ ಕಾಣದಷ್ಟು ಉಳಿದಿದೆಯೋ? ಪರೀಕ್ಷೆಯಲ್ಲಿ ಚೀಟಿ ಬರೆದು ಹರಿದುಹಾಕುತ್ತಿದ್ದ ಹುಡುಗಿಯರು ನೆನಪಾದರು. ಕೆಳಗಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿದ ಗುರುತು ಎದ್ದು ಕಾಣುತ್ತಿತ್ತು, ಹಾಗೆ ಎಷ್ಟೋ ಜನರನ್ನು ಹಿಡಿದಿದ್ದೆ. ಮಲಗುವ ಕೋಣೆಯ ಉದ್ದ ಕನ್ನಡಿಯನ್ನು ಗೋಡೆಯಿಂದ ಬಿಚ್ಚಿ ಕಾರಿಗೆ ಹಾಕಿದೆ.

ಸ್ಮರಣೆ ಹನ್ನೊಂದಕ್ಕೆ ಮುಗಿಯಿತು. ಸೈನಿಕರ ಹೆಸರುಗಳನ್ನು ಒಬ್ಬೊಬ್ಬರದಾಗಿ ಓದಿದರು, ಪ್ರತಿ ಕಲ್ಲಿನ ಬಳಿಯೂ ನೆನಪಿನ ಗುರುತಾಗಿ ರೋಸ್ಮರಿ ಗಿಡದ ಕಡ್ಡಿ ಇಟ್ಟರು. ಜನ ಚಹಾ ಕುಡಿದು ಚದುರಿದರು. ಅಜ್ಜಿ ಎಲ್ಲರೂ ಹೋಗಲಿ ಎಂದು ಕಾದಿದ್ದರು. ಸಣ್ಣ ಆಕಾರ, ಕೋಲು, ಕೋಟಿನ ಮೇಲೆ ಸೋದರಮಾವನ ಪದಕ. ಅಂಕಲ್ ಕಲ್ಲಿನ ಮುಂದೆ ಕುರ್ಚಿ ಹಾಕಿ ಕೂರಿಸಿದರು. ಮಧ್ಯಾಹ್ನವಾಗಿತ್ತು, ಕಲ್ಲಿನ ಮುಖ ನೆರಳಿನಲ್ಲಿತ್ತು.

"ಸಾಲು ಎಲ್ಲಿ?" ಎಂದರು ಅಜ್ಜಿ.

ನಾನು ಕನ್ನಡಿ ತಂದು ಪಕ್ಕದಲ್ಲಿ ಬಿಸಿಲಿಗೆ ನಿಂತೆ. ಬೆಳಕು ಹುಲ್ಲಿನ ಮೇಲೆಲ್ಲ ಕುಣಿಯಿತು. ಕೊನೆಗೆ ಅದನ್ನು ಕಲ್ಲಿನ ಅಂಚಿಗೆ ಹಿಡಿದು ಓರೆಯಾಗಿ ಬಿಟ್ಟೆ. ಹೆಸರು ಎದ್ದು ನಿಂತಿತು. ನಂಬರೂ ಬಂತು. ಬೆಳಕನ್ನು ಕೆಳಗಿಳಿಸಿದೆ. ಅಜ್ಜಿ ಮುಂದಕ್ಕೆ ಬಾಗಿದರು. ಬಿಳಿ, ಬರೀ ಬಿಳಿ. ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ಬಲತುದಿಯಲ್ಲಿ ಎಳೆ ನೆರಳಿನಂತೆ ಒಂದು ಪದ ಮೂಡಿತು. ಬ್ರದರ್. ಅದರ ಹಿಂದಿನ ನಾಲ್ಕೋ ಐದೋ ಪದ ಎಷ್ಟು ತಿರುಗಿಸಿದರೂ ಬರಲಿಲ್ಲ.

"ಕಲ್ಲುಹೂವು ತಿಂದ್ಬಿಟ್ಟಿದೆ, ಯಾರ್ದೂ ತಪ್ಪಲ್ಲ," ಎಂದು ಅಂಕಲ್ ಅಜ್ಜಿಗೆ ಸಮಾಧಾನ ಹೇಳತೊಡಗಿದರು. ಆ ಮಾತು ನನಗೆ ತಡೆಯಲಾಗಲಿಲ್ಲ.

"ಕಲ್ಲುಹೂವಲ್ಲ," ಎಂದೆ. "ನಾನು. ಹುಣಸೆಹಣ್ಣು ಹಾಕಿ ತಿಕ್ದೆ. ಅಂಕಲ್ ಬೇಡ ಅಂದಿದ್ರು. ಕೇಳಿದಾಗ ಸುಳ್ಳು ಹೇಳ್ದೆ."

ಅಂಕಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನ್ನ ಕಡೆ ನೋಡಲಿಲ್ಲ. ಕನ್ನಡಿಯ ಹಿಂದೆ ನಾನು ಅಳುತ್ತಿದ್ದೆ, ಕೈ ಖಾಲಿ ಇಲ್ಲದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

"ಯಾಕೆ?" ಎಂದರು ಅಜ್ಜಿ.

"ನೀವು ಬರೋದ್ರೊಳಗೆ ಆಗ್ಲಿ ಅಂತ."

ಅವರು ದನಿ ಎತ್ತದೆ ಹೇಳಿದರು: "ಅದು ಮುಚ್ಚಿಕೊಂಡೇ ಇದ್ದಿದ್ರೆ ನಾನು ಇನ್ನೊಂದ್ಸಲ ಬರ್ತಿದ್ದೆ."

ಈಗ ಬ್ರಿಸ್ಬೇನ್ ಹತ್ತಿರದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಂಕಲ್ ಕೊಟ್ಟ ರೆಫರೆನ್ಸ್ ಕಾಗದ ಕವರಿನಲ್ಲೇ ಇದೆ, ಯಾರಿಗೂ ತೋರಿಸಲಿಲ್ಲ.

ಆ ದಿನ ಕನ್ನಡಿ ಭಾರವಾಗಿತ್ತು, ತೋಳು ಸೋತಿತ್ತು. ಮುಗಿಯಿತು ಎಂದುಕೊಂಡು ಇಳಿಸಲು ಹೋದೆ. ಕಲ್ಲಿನ ಮೇಲಿದ್ದ ಪದ ಮಾಯವಾಯಿತು.

"ಇಳಿಸ್ಬೇಡ," ಎಂದರು ಅಜ್ಜಿ. ಕುರ್ಚಿಯಿಂದ ಎದ್ದು, ಕೋಲು ಅಂಕಲ್ ಕೈಗೆ ಕೊಟ್ಟು, ಕಲ್ಲಿನ ಮುಂದೆ ಮಂಡಿಯೂರಿದರು. "ನಾನು ಹೇಳೋವರ್ಗೂ ಹಿಡ್ಕೊಂಡಿರು."

ಕನ್ನಡಿ ಮತ್ತೆ ಎತ್ತಿದೆ. ತಮ್ಮ ಅಮ್ಮ ಬರೆಸಿದ್ದರಲ್ಲಿ ಉಳಿದ ಆ ಒಂದು ಪದದ ಮೇಲೆ ಅವರು ಬೆರಳಿಟ್ಟರು. ಬಿಸಿಲು ಸರಿಯುತ್ತಿತ್ತು. ಅದರ ಜೊತೆ ನಾನೂ ಒಂದೊಂದೇ ಹೆಜ್ಜೆ ಸರಿಯುತ್ತ, ಅವರು ಸಾಕು ಎನ್ನುವವರೆಗೆ ಹಿಡಿದು ನಿಂತೆ.