ಜಗುಲಿಯ ಮೇಲೆ ಎತ್ತಿದ ಕೈ

ಚನ್ನಗಿರಿಯಲ್ಲಿ ಡಂಗುರ ಸಾರುವ ಕೆಲಸ ಗೋಣೆಪ್ಪನ ಮನೆತನದ್ದು. ಅವನ ಅಪ್ಪ ಸಾರಿದ್ದ, ಅಪ್ಪನ ಅಪ್ಪ ಸಾರಿದ್ದ. ತಮಟೆ ಬಡಿದು ಊರಿನ ಮಾತನ್ನು ಊರಿಗೆ ಮುಟ್ಟಿಸುವುದು, ಸುಗ್ಗಿ ಬಂದಾಗ ಕಣದ ಅಂಚಿನಲ್ಲಿ ನಿಂತು ಕಾಳು ಹಾಕಿಸಿಕೊಂಡು ಬರುವುದು. ಆ ಕೆಲಸಕ್ಕೆ ಒಂದು ಕಟ್ಟು ಇತ್ತು. ಸಾರುವವನು ಹೇಳಿಸಿದವರ ಮಾತನ್ನೇ ಹೇಳಬೇಕು, ತನ್ನದು ಒಂದು ಮಾತೂ ಸೇರಿಸಬಾರದು. ಗೋಣೆಪ್ಪ ತನ್ನ ಮಗು ಸತ್ತ ದಿನವೂ ಹೋಗಿ, ಕಂದಾಯ ಕಟ್ಟಿರಿ ಎಂದು ಸಾರಿ ಬಂದಿದ್ದ. ಬಂದು ಮಣ್ಣು ಮಾಡಿದ್ದ. ಅವನ ಹೆಂಡತಿ ಅಜ್ಜಮ್ಮ ಅದನ್ನು ಮರೆತವಳಲ್ಲ.

ಊರು ಆಗ ಮೂರು ಪಾಲು. ಕೋಟೆ ಬೀದಿಯಲ್ಲಿ ಒಂದು ಜಾತಿ, ಪೇಟೆಯಲ್ಲಿ ಒಂದು ಜಾತಿ, ಹಳ್ಳದಾಚೆ ಕೇರಿ. ಕೋಟೆಯವರಿಗೂ ಪೇಟೆಯವರಿಗೂ ಎಣ್ಣೆ ಸೀಗೆಕಾಯಿ. ಕೇರಿಯವರನ್ನು ದೂರ ಇಡುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮನಸ್ಸು.

ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ ಸರ್ಕಾರದ ಹುಕುಂ ಬಂತು, ಕೇರಿಯಿಂದಲೂ ಒಬ್ಬ ಪುರಸಭೆಯ ಮೆಂಬರಾಗಬೇಕೆಂದು. ಗೋಣೆಪ್ಪನನ್ನು ಮಾಡಿದರು. ಎದುರಾಡುವವನಲ್ಲ ಎಂದೇ ಮಾಡಿದರು. ಮೆಂಬರಾದರೇನು, ಹಜಾರದ ಒಳಗೆ ಜಾಗ ಕೊಡಲಿಲ್ಲ. ಜಗುಲಿಯ ಮೇಲೆ ಕಿಟಕಿಯ ಪಕ್ಕ ಒಂದು ಹರಕು ಚಾಪೆ ಹಾಕಿ ಕೂರಿಸಿದರು. ಒಳಗಿನವರು ಕೈ ಎತ್ತಿದಾಗ ಅವನು ಕಿಟಕಿಯಾಚೆ ಕೈ ಎತ್ತುತ್ತಿದ್ದ. ಬೇಕೆನಿಸಿದರೆ ಎಣಿಸುತ್ತಿದ್ದರು, ಬೇಡವೆನಿಸಿದರೆ ಇಲ್ಲ. ಅಜ್ಜಮ್ಮ ಆ ಆಫೀಸಿನ ಅಂಗಳ ಗುಡಿಸುತ್ತಿದ್ದಳು. ಎಲ್ಲವನ್ನೂ ನೋಡುತ್ತಿದ್ದಳು.

ಮರುವರ್ಷ ಪ್ರೆಸಿಡೆಂಟರ ಎಲೆಕ್ಷನ್ ಬಂತು. ಪೇಟೆಯಿಂದ ಅಡಿಕೆ ಮಂಡಿಯ ಮಹೇಶ್ವರಪ್ಪ ನಿಂತ. ಕೋಟೆಯಿಂದ ವಕೀಲ ಭೀಮಸೇನರಾಯರು ನಿಂತರು. ಮೆಂಬರುಗಳು ಸಮ ಸಮ ಹಂಚಿಹೋದರು. ಉಳಿದದ್ದು ಗೋಣೆಪ್ಪನ ಕೈ ಒಂದೇ.

ಆಗ ಕೋಟೆಯಿಂದಲೂ ಪೇಟೆಯಿಂದಲೂ ಹಳ್ಳದಾಚೆಯ ಕೇರಿಗೆ ದಾರಿ ಬಿತ್ತು. ರಾಯರು ಬಂದು ಕೇರಿಯಲ್ಲೇ ಬಾವಿ ತೋಡಿಸುತ್ತೇನೆಂದರು. ಮಹೇಶ್ವರಪ್ಪ ಬಂದು, ಕೇರಿಯ ಹೆಂಗಸರು ಪೇಟೆ ಬಾವಿಗೆ ತಮ್ಮ ಹಗ್ಗ ತಾವೇ ಇಳಿಸಲಿ ಎಂದ. ಹೋಗುವಾಗ ಇಬ್ಬರೂ ದುಡ್ಡು ಕೊಡಲು ನೋಡಿದರು. ಗೋಣೆಪ್ಪ ಮುಟ್ಟಲಿಲ್ಲ, ವಿಚಾರ ಮಾಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದ. ರಾಯರು ಬಂದದ್ದನ್ನು ಪೇಟೆಯವರು ನೋಡಿದ್ದರು. ಮಹೇಶ್ವರಪ್ಪ ಬಂದದ್ದನ್ನು ಕೋಟೆಯವರು ನೋಡಿದ್ದರು.

ಅಜ್ಜಮ್ಮ ರಾಯರ ಬಾವಿಯೇ ಇರಲಿ ಎಂದಳು. ಬೆಳಗಾದರೆ ಪೇಟೆ ಬಾವಿಯ ಹತ್ತಿರ ಕೊಡ ಇಟ್ಟು, ಯಾರಾದರೂ ಮೇಲಿನಿಂದ ಸುರಿಯುವ ತನಕ ಬಿಸಿಲಲ್ಲಿ ನಿಲ್ಲುವವಳು ಅವಳೇ ತಾನೆ. ಗೋಣೆಪ್ಪ ಒಪ್ಪಲಿಲ್ಲ.

"ನಮಗೆ ಬ್ಯಾರೆ ಬಾವಿ ಅಂದ್ರೆ, ನೀವು ಬ್ಯಾರೆ ಅಂತ ಕಲ್ಲಾಗೆ ಕೆತ್ತಿ ಕೊಟ್ಟಂಗೆ. ಅದ್ನ ನಾನೇ ಕೈ ಎತ್ತಿ ಇಸ್ಕೊಳ್ಳಾ?" ಎಂದ.

ಎಲೆಕ್ಷನ್ ದಿನ ಅಮಲ್ದಾರರು ಬಂದು ಕುರ್ಚಿಯಲ್ಲಿ ಕೂತರು. ಜಗುಲಿಯ ಮೇಲಿನ ಕೈಯನ್ನು ಎಣಿಸಬೇಕೋ ಬೇಡವೋ ಎಂದು ಮೊದಲು ಅದನ್ನೇ ಕೇಳಿದರು. ರಾಯರು ಎದ್ದು, ಹಜಾರದ ಒಳಗಿನ ಕೈ ಮಾತ್ರ ಕಾಯಿದೆಗೆ ಸೇರುತ್ತದೆ ಎಂದರು. ಅವರು ಕೂರುವುದರೊಳಗೆ ಮಹೇಶ್ವರಪ್ಪ, ರಾಯರು ಹೇಳುವುದು ಸರಿ ಎಂದ. ಹಾಗಾದರೆ ಅವನನ್ನು ಒಳಗೆ ಕರೆಯಬಹುದಲ್ಲ ಎಂದರು ಅಮಲ್ದಾರರು. ಎರಡೂ ಕಡೆಯವರು ಬೇಡವೆಂದು ತಲೆ ಅಲ್ಲಾಡಿಸಿದರು. ಗೋಣೆಪ್ಪ ಎದುರು ಪಕ್ಷಕ್ಕೆ ಮಾರಿಕೊಂಡಿದ್ದಾನೆಂದು ಇಬ್ಬರೂ ನಂಬಿದ್ದರು. ಹುಟ್ಟಿದಾಗಿನಿಂದ ಜಗಳವಾಡಿದ ಎರಡು ಬೀದಿಗಳು ಆ ದಿನ ಒಂದಾದವು.

ಹೆಸರು ಕರೆದರು. ಮಹೇಶ್ವರಪ್ಪನ ಹೆಸರಿಗೆ ಗೋಣೆಪ್ಪ ಕೈ ಎತ್ತಿದ. ಎಣಿಸುವುದಿಲ್ಲ ಎಂದು ಕೇಳಿಯೂ ಎತ್ತಿದ. ಮಹೇಶ್ವರಪ್ಪ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ನೋಡಿದವಳು ಪೊರಕೆ ಹಿಡಿದು ಅಂಗಳದಲ್ಲಿ ನಿಂತಿದ್ದ ಅಜ್ಜಮ್ಮ ಒಬ್ಬಳೇ.

ಸಮ ಸಮ ಬಂತೆಂದು ಚೀಟಿ ಎತ್ತಿದರು. ರಾಯರ ಹೆಸರು ಬಂತು.

ತನಗೇ ಬರಬೇಕಾಗಿದ್ದ ಕೈಯನ್ನು ತಾನೇ ಕಡಿದುಹಾಕಿದೆನೆಂದು ಮಹೇಶ್ವರಪ್ಪನಿಗೆ ಗೊತ್ತೇ ಇಲ್ಲ. ಸೋತವನಿಗೆ ಹೇಳಿಕೊಳ್ಳಲು ಒಂದು ನೆವ ಬೇಕಲ್ಲ. ಕೇರಿಯವನು ಎರಡೂ ಕಡೆ ತಿಂದ, ಅದಕ್ಕೇ ಅವನನ್ನು ಹೊರಗಿಟ್ಟೆವು ಎಂದು ಮಂಡಿಯಲ್ಲಿ ಕೂತು ಹೇಳಿದ. ರಾಯರೂ ಅಲ್ಲವೆನ್ನಲಿಲ್ಲ. ಬಾವಿ ಕೇರಿಯಲ್ಲೂ ಆಗಲಿಲ್ಲ, ಪೇಟೆ ಬಾವಿಗೆ ಕೇರಿಯ ಹಗ್ಗವೂ ಇಳಿಯಲಿಲ್ಲ.

ಮಹೇಶ್ವರಪ್ಪನ ತಂಗಿಯ ಮಗ ಜಯದೇವಪ್ಪ ನಾಟಕದ ಕಂಪನಿಗೆ ಕಥೆ ಬರೆಯುತ್ತಿದ್ದ. ಮಾವ ಹೇಳಿದ್ದನ್ನೇ ಕೇಳಿ ಒಂದು ನಾಟಕ ಬರೆದ. ಅದು ಊರೂರು ಆಡಿತು. ಮದರಾಸಿನಲ್ಲಿ ಯಾರೋ ದುಡ್ಡು ಹಾಕಿ ಅದನ್ನು ಪಿಚ್ಚರ್ ಮಾಡಿದರು. ಯುದ್ಧ ಮುಗಿದ ಮರುವರ್ಷ ಅದು ಚನ್ನಗಿರಿಗೇ ಬಂತು. ಸಂತೆ ಮೈದಾನದಲ್ಲಿ ಟೆಂಟು ಎದ್ದಿತು.

ಸಾರಲು ಗೋಣೆಪ್ಪನನ್ನೇ ಕರೆದರು. ಪಿಚ್ಚರ್‌ನಲ್ಲಿ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ನಮ್ಮೂರ ಎಲೆಕ್ಷನ್ ಕಥೆ ಪಿಚ್ಚರ್ ಆಗಿದೆ, ಬನ್ನಿ ಎಂದು ಬೀದಿ ಬೀದಿ ಸಾರಿದ. ಕೇರಿಗೂ ಬಂದು ಸಾರಿದ. ಆ ದಿನ ಅವನ ನಡಿಗೆಯಲ್ಲಿ ಒಂದು ಗತ್ತು ಇತ್ತು.

ಸಂಜೆ ಅಜ್ಜಮ್ಮನನ್ನೂ ಕರೆದುಕೊಂಡು ಹೋದ. ನೆಲದ ಟಿಕೀಟಿಗೆ ಜಾತಿ ಇರಲಿಲ್ಲ. ಮರಳಿನ ಮೇಲೆ ಪೇಟೆಯ ಹುಡುಗರು, ಕೇರಿಯವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಊರಿನವರ ಜೊತೆ ಒಂದೇ ಸೂರಿನ ಕೆಳಗೆ ಗೋಣೆಪ್ಪ ಕೂತದ್ದು ಅದೇ ಮೊದಲು.

ಪಿಚ್ಚರ್‌ನಲ್ಲಿ ಕೇರಿಯ ಮೆಂಬರಿನ ಹೆಸರು ತಮಟೆ ಕಾಳ. ಮುಖಕ್ಕೆ ಮಸಿ ಬಳಿದಿದ್ದರು. ಅವನು ಹೆಂಡ ಕುಡಿದು ಓಲಾಡುತ್ತಾನೆ. ಒಬ್ಬನ ದುಡ್ಡನ್ನು ಪಂಚೆಯ ಈ ಚುಂಗಿಗೆ ಕಟ್ಟುತ್ತಾನೆ, ಇನ್ನೊಬ್ಬನದನ್ನು ಆ ಚುಂಗಿಗೆ. ಸಭೆಯಲ್ಲಿ ಎರಡೂ ಕೈ ಎತ್ತುತ್ತಾನೆ. ಟೆಂಟು ಹಾರಿಹೋಗುವ ಹಾಗೆ ಜನ ನಕ್ಕರು. ಕೇರಿಯವರೂ ನಕ್ಕರು. ಅಜ್ಜಮ್ಮನಿಗೆ ತಡೆಯಲಾಗದೆ ಹೋದದ್ದು ಅದು. ಗೋಣೆಪ್ಪ ಮುಖ ಮುಚ್ಚಿಕೊಳ್ಳಲಿಲ್ಲ. ಕಡೆಯ ತನಕ ನೋಡಿದ.

ಹೊರಗೆ ಮಹೇಶ್ವರಪ್ಪ ಕಮಾನು ಗಾಡಿ ಹತ್ತುತ್ತಿದ್ದ. ಗೋಣೆಪ್ಪ ಹೋಗಿ ದೂರದಲ್ಲಿ ನಿಂತ.

"ಬುದ್ಧಿ, ನೀವು ಹೇಳ್ರಿ. ನಾನು ಯಾರ ದುಡ್ಡಾದ್ರೂ ಮುಟ್ಟಿದ್ನಾ?"

"ಏ ಗೋಣ್ಯಾ, ಪಿಚ್ಚರ್ ಕಣೋ ಅದು. ನಗಾಕೆ ಮಾಡಿರಾದು. ನೀನ್ಯಾಕೆ ಮೈಮ್ಯಾಲೆ ಎಳಕೊಂತೀಯ?"

"ಅವತ್ತು ನಾನು ಕೈ ಎತ್ತಿದ್ದು ನಿಮಗೇ ಬುದ್ಧಿ."

ಯಾರೋ ಹಿಂದಿನಿಂದ, ಒಂದು ಕೈಯೋ ಎರಡು ಕೈಯೋ ಎಂದು ಕೇಳಿದರು. ಮತ್ತೆ ನಗು. ಮಹೇಶ್ವರಪ್ಪ ನಗಲಿಲ್ಲ. ಗೋಣೆಪ್ಪನ ಮುಖವನ್ನೇ ನೋಡಿದ. ಆ ನೋಟದಲ್ಲಿ ಅವನಿಗೆ ಎಲ್ಲ ತಿಳಿದುಹೋಯಿತೆಂದು ಅಜ್ಜಮ್ಮನಿಗೆ ಅನಿಸಿತು.

"ಹಂಗಿದ್ರೆ ಅವತ್ತೇ ಹೇಳಬೇಕಿತ್ತು," ಎಂದ.

"ಅವತ್ತು ನೀವು ತಿರುಗಿ ನೋಡ್ಲಿಲ್ಲ."

ಗಾಡಿ ಹೊರಟಿತು. ಇವನು ದುಡ್ಡು ಮುಟ್ಟಿದವನಲ್ಲ ಎಂಬ ಒಂದು ಮಾತು ಮಹೇಶ್ವರಪ್ಪನ ಬಾಯಿಂದ ಆ ಜನರ ಎದುರು ಬೀಳಲಿಲ್ಲ.

ಬೆಳಿಗ್ಗೆ ಗೋಣೆಪ್ಪ ತಮಟೆ ಕಾಸಿದ. ಯಾರೂ ಕರೆದಿರಲಿಲ್ಲ. ಅಜ್ಜಮ್ಮ ಹಿಂದೆಯೇ ಹೋದಳು. ಪೇಟೆಯ ನಡುಮಧ್ಯ ನಿಂತು ಬಡಿದ.

"ಕೇಳ್ರಪ್ಪೋ ಕೇಳ್ರಿ. ಇದು ಯಾರೂ ಹೇಳ್ಸಿದ್ದಲ್ಲ, ಗೋಣೆಪ್ಪನ ಸ್ವಂತ ಮಾತು. ನಾನು ಎತ್ತಿದ್ದು ಒಂದೇ ಕೈ. ಜಗುಲಿ ಮ್ಯಾಲೆ ಎತ್ತಿದೆ. ಯಾರ ದುಡ್ಡೂ ಮುಟ್ಟಿಲ್ಲ. ಆ ಕೈನ ನೀವು ಎಣಿಸ್ಲಿಲ್ಲ. ಎಣಿಸದ್ದನ್ನ ಮಾರಿದ ಅಂತೀರಿ."

ಕೋಟೆ ಬೀದಿಯಲ್ಲೂ ಹೇಳಿದ. ರಾಯರ ಮನೆಯ ಬಾಗಿಲು ಹಾಕಿಕೊಂಡಿತು. ಕಡೆಗೆ ಕೇರಿಗೆ ಬಂದು ಹೇಳಿದ.

ಕಟ್ಟು ಮುರಿದವನಿಗೆ ಡಂಗುರ ಬೇಡವೆಂದು ಹೊತ್ತು ಇಳಿಯುವುದರೊಳಗೆ ಊರು ತೀರ್ಮಾನ ಮಾಡಿತು. ಕಣದ ಕಾಳೂ ನಿಂತಿತು. ಕೆಲವು ದಿನಕ್ಕೆ ಟೆಂಟು ಬಿಚ್ಚಿ ಹೊನ್ನಾಳಿಗೆ ಹೋಯಿತು. ಅಲ್ಲೂ ಸಾರಿ ಬರಲು ಗೋಣೆಪ್ಪ ತಾನೂ ಹೋಗುತ್ತೇನೆಂದ.

"ಹೊನ್ನಾಳಿಯೋರಿಗೆ ನೀನ್ಯಾರು ಅಂತ ಗೊತ್ತೈತಾ? ಪಿಚ್ಚರ್ನಾಗೆ ನಿನ್ನ ಹೆಸರೇ ಇಲ್ಲ. ಸುಮ್ನೆ ಮನ್ಯಾಗೆ ಇರು," ಎಂದಳು ಅಜ್ಜಮ್ಮ.

"ನನ್ನ ಹೆಸರಿಲ್ಲ. ಕೇರಿ ಹೆಸರೈತೆ. ಹೊನ್ನಾಳ್ಯಾಗೂ ಕೇರಿ ಐತೆ."

ಅವಳು ರೊಟ್ಟಿ ಕಟ್ಟಿಕೊಟ್ಟಳು. ಹೊನ್ನಾಳಿಗೆ ಹೋಗಿ ಬಂದ. ನ್ಯಾಮತಿಗೆ ಹೋಗಿ ಬಂದ. ನ್ಯಾಮತಿಯಲ್ಲಿ ಯಾರೋ ಕಲ್ಲು ಒಗೆದಿದ್ದರು, ಹಣೆ ಊದಿತ್ತು. ಟೆಂಟು ಜಗಳೂರಿಗೆ ಹೋಯಿತೆಂದು ಕೇಳಿದಾಗ ಅವನಿಗೆ ಮೈ ಸುಡುತ್ತಿತ್ತು. ಬೇಡವೆಂದಳು. ಕಾಲು ಹಿಡಿದಳು. ಇದ್ದಿಲಿನಿಂದ ಓಡುವ ಬಸ್ಸು ಸಿಕ್ಕಷ್ಟು ದೂರ ಬಸ್ಸಿನಲ್ಲಿ, ಉಳಿದದ್ದು ನಡೆದು ಹೋದ. ತಿರುಗಿ ಬರಲಿಲ್ಲ.

ಬಂದವನು ತಿಪ್ಪೇಶಪ್ಪ, ಜಗಳೂರಿನಲ್ಲಿ ಡಂಗುರ ಸಾರುವವನು. ಬಾಗಿಲಲ್ಲಿ ನಿಂತೇ ಹೇಳಿದ. ಬೇರೆ ಊರಿನವನು ತಮ್ಮೂರಲ್ಲಿ ತಮಟೆ ಮುಟ್ಟಬಾರದು, ಅದಕ್ಕೆ ಮೊದಲು ತಡೆದನಂತೆ. ಸಂಗತಿ ಕೇಳಿದ ಮೇಲೆ ಟೆಂಟಿನ ಮುಂದಕ್ಕೆ ತಾನೇ ಕರೆದುಕೊಂಡು ಹೋದನಂತೆ. ಸಾರುತ್ತ ಸಾರುತ್ತಲೇ ಗೋಣೆಪ್ಪ ಕುಸಿದ. ಮಾರನೆಯ ದಿನ ತಿಪ್ಪೇಶಪ್ಪನ ಮನೆಯಲ್ಲೇ ಜೀವ ಹೋಯಿತು. ಅಲ್ಲಿಯ ಕೇರಿಯವರು ಸೇರಿ ಮಣ್ಣು ಮಾಡಿದರು.

ಅಜ್ಜಮ್ಮ ಆಗ ಅಳಲಿಲ್ಲ. ಕೇಳಿದಳು.

"ಪೂರಾ ಹೇಳಿದ್ನಾ?"

"ಇಲ್ಲ ಕಣಕ್ಕ. ಯಾರ ದುಡ್ಡೂ ಅಂದೋನು ಹಂಗೇ ಕುಂತ. ಮುಂದಿಂದು ನಾನು ಹೇಳ್ದೆ."

"ಅವ್ನ ಹೆಸ್ರು ಹೇಳಿದ್ಯಾ?"

"ಹೇಳ್ದೆ. ಆಮ್ಯಾಲೆ ನನ್ನ ಹೆಸ್ರೂ ಹೇಳ್ದೆ. ಈಗ ನಂಗೂ ಡಂಗುರ ಇಲ್ಲ."

ಅಜ್ಜಮ್ಮ ಅವನ ಕಾಲಿಗೆ ನೀರು ಕೊಟ್ಟಳು. ಇದ್ದ ಮುದ್ದೆ ಬಡಿಸಿದಳು. ಅವನು ಉಂಡು ಕೈ ತೊಳೆದ ಮೇಲೆ ಅತ್ತಳು.