ಫೈಲಣ್ಣ ಕಂಡದ್ದನ್ನು ಬರೆದದ್ದು

ಊರಿನ ಒಂಬತ್ತು ಪಬ್ಬುಗಳಿಗೆ ಫೈಲಣ್ಣನೇ ದಿಕ್ಕು. ಅಡುಗೆಮನೆ ಎಷ್ಟೇ ಗಬ್ಬು ನಾರುತ್ತಿರಲಿ, ತಪಾಸಣೆಯ ಹಿಂದಿನ ದಿನ ಅವನೊಬ್ಬ ಬಂದು ಕೂತರೆ ಸಾಕು, ಕಾಗದದ ಮೇಲೆ ಎಲ್ಲವೂ ಫಳಫಳ ಹೊಳೆಯುತ್ತಿತ್ತು. ಫ್ರಿಜ್ಜಿನ ತಾಪಮಾನ, ಜಿರಳೆಗೆ ಔಷಧಿ ಹೊಡೆದ ದಿನಾಂಕ, ಬೆಂಕಿ ಬಿದ್ದರೆ ಹೊರಗೋಡುವ ತಾಲೀಮು, ಹೀಗೆ ಮೂರು ತಿಂಗಳ ದಾಖಲೆಯನ್ನು ಒಂದೇ ಬೆಳಗ್ಗೆ ಬರೆದು ಮುಗಿಸುತ್ತಿದ್ದ. ಅನುಮಾನ ಬರದಿರಲೆಂದು ಮೂರು ಬೇರೆ ಪೆನ್ನು ಬಳಸಿ, ಅಲ್ಲಲ್ಲಿ ಚಹಾದ ಕಲೆಯನ್ನೂ ಮಾಡುತ್ತಿದ್ದ. ಗೋದಾಮಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. "ನಮ್ಮೆಜಮಾನ್ರ ಬರವಣಿಗೆ ನೋಡಿದ್ರೆ ಯಾವ ಸಾಹೇಬರೂ ಮರುಮಾತಾಡಲ್ಲ" ಎಂದು ಹೆಂಡತಿ ಅಕ್ಕಪಕ್ಕದವರ ಮುಂದೆ ಬೀಗುತ್ತಿದ್ದಳು.

ಹಗಲು ಹೊತ್ತಿನ ಪಬ್ಬೆಂದರೆ ಅವನಿಗೆ ಮೊದಲಿನಿಂದಲೂ ಹೇಸಿಗೆ. ದೀಪ ಹಾಕಿದರೆ ಸಾಕು, ಗೋಡೆಯ ಜಿಡ್ಡು, ಸೋಫಾದ ಮೇಲಿನ ಕಲೆ ಎಲ್ಲ ಹಲ್ಲು ಕಿರಿಯುತ್ತಿದ್ದವು. ಅಂಟಂಟು ನೆಲ ಚಪ್ಪಲಿಯನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಹುಳಿ ಬಿಯರಿನ ವಾಸನೆ, ಒದ್ದೆ ಬಟ್ಟೆಯ ಮುಗ್ಗಲು, ಅದರ ಮೇಲೆ ಸಿಂಪಡಿಸಿದ ಹೂವಿನ ಸೆಂಟು. ಅವನು ಉಸಿರು ಬಿಗಿಹಿಡಿದು, ತಲೆಯೆತ್ತದೆ ಬರೆಯುತ್ತಿದ್ದ. ಎತ್ತಿದರೆ ತಾನೇ ಕಾಣುವುದು!

ಅವತ್ತು ಬಸ್ ನಿಲ್ದಾಣದ ಹಿಂದಿನ ಪಬ್ಬಿನಲ್ಲಿ ಕೂತಿದ್ದ. ಅಲ್ಲಿಗೆ ಹೋದಾಗಲೆಲ್ಲ ಮಾಲೀಕ ಐಸು ಹಾಕಿದ ನಿಂಬೆ ಶರಬತ್ತು ಕೊಡಿಸುತ್ತಿದ್ದ. "ಐಸ್ ಯಂತ್ರ ತೊಳೆಯಲಾಗಿದೆ" ಎಂದು ಹನ್ನೆರಡನೇ ಸಲ ಬರೆದು ಲೋಟ ಎತ್ತಿದ. ಅರ್ಧ ಕುಡಿದಾಗ ನಾಲಿಗೆಗೆ ಏನೋ ತಾಗಿತು. ಬೆರಳಿನಿಂದ ತೆಗೆದು ನೋಡಿದರೆ ಜಿರಳೆಯ ಕಾಲು. ಐಸಿನೊಳಗೆ ಹೆಪ್ಪುಗಟ್ಟಿದ್ದದ್ದು ಕರಗಿ ಹೊರಬಂದಿತ್ತು.

ಎದ್ದು ಹೋಗಿ ಯಂತ್ರದ ಮುಚ್ಚಳ ಎತ್ತಿದ. ಒಳಗೋಡೆಯ ತುಂಬ ಕಪ್ಪು ಲೋಳೆ. ಗಂಟಲಿನ ಕಫದ ಹಾಗೆ ಐಸಿನ ಮೇಲೆ ಜೋತುಬಿದ್ದಿತ್ತು. ಓಡಿಹೋಗಿ ತೊಟ್ಟಿಯಲ್ಲಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿದ.

ಲೋಟ ತೊಳೆಯುವ ಹೆಂಗಸು ನೀರು ಕೊಟ್ಟಳು. "ನಲ್ಲಿ ನೀರೇ ಅಣ್ಣಾ, ಹೆದರಬೇಡಿ. ನಾನು ಬಂದು ಎರಡು ವರ್ಷ ಆಯ್ತು, ಆ ಮುಚ್ಚಳ ಒಬ್ರೂ ತೆಗೆದಿಲ್ಲ." ಆಮೇಲೆ ಸೆರಗಿಗೆ ಕೈ ಒರೆಸುತ್ತ ದಾಖಲೆ ಪುಸ್ತಕದತ್ತ ನೋಡಿದಳು. "ಅದರಲ್ಲಿ ನನ್ನ ಬಗ್ಗೇನೂ ಬರೆದಿದ್ದೀರಂತೆ. ಸ್ವಲ್ಪ ಓದಿ ಹೇಳಿ."

ಅವನು ಓದಿದ. ಬೆಂಕಿ ತಾಲೀಮಿನಲ್ಲಿ ಲೋಟ ತೊಳೆಯುವವರು ಎರಡೇ ನಿಮಿಷದಲ್ಲಿ ತುರ್ತು ಬಾಗಿಲಿನಿಂದ ಹೊರಗೆ ತಲುಪಿದರು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎರಡು ನಿಮಿಷಾನಾ! ನನ್ನ ಮಂಡಿ ನೋಡಿದ್ದೀರಾ? ಕೂತರೆ ಏಳಕ್ಕೇ ಅಷ್ಟು ಹೊತ್ತು ಬೇಕು. ಬನ್ನಿ, ಬಾಗಿಲು ತೋರಿಸ್ತೀನಿ."

ಬಾಗಿಲಿಗೆ ಅಡ್ಡಲಾಗಿ ಎದೆಮಟ್ಟ ಬಾಟಲಿ ಕ್ರೇಟುಗಳು. ಹಿಂದೆ ಸರಪಳಿ, ಬೀಗ. ಬೀಗದ ಕೈ ಮಾಲೀಕನ ಮನೆಯಲ್ಲಿ. ಶನಿವಾರ ಇಲ್ಲಿ ಮುನ್ನೂರು ಜನ ಕುಣಿಯುತ್ತಾರೆ ಎಂದು ಅವಳೇ ಹೇಳಿದಳು. ಈ ಸಲ ಫೈಲಣ್ಣನಿಗೆ ಅಸಹ್ಯ ಹುಟ್ಟಿದ್ದು ಐಸಿನ ಮೇಲಲ್ಲ, ತನ್ನ ದುಂಡಗಿನ ಅಕ್ಷರಗಳ ಮೇಲೆ.

ಹೊಸ ಪುಸ್ತಕ ತೆರೆದು ಕಂಡದ್ದನ್ನು ಕಂಡ ಹಾಗೆ ಬರೆದ. ಮಾಲೀಕ ಎಂದಿನಂತೆ ಓದದೆ ಮೊಹರು ಒತ್ತಿದ.

ಮರುದಿನ ತಪಾಸಣೆಗೆ ಬಂದ ಅಧಿಕಾರಿ ಕೊನೆಯ ಪುಟಕ್ಕೆ ಹೋಗಿ ಪೆನ್ನು ತೆಗೆದರು. ಫೈಲಣ್ಣ ಮೊದಲ ಪುಟ ತಿರುಗಿಸಿ ಸಾಲಿನ ಮೇಲೆ ಬೆರಳಿಟ್ಟ. "ಓದಿ ಸಹಿ ಹಾಕಿ ಸಾರ್."

ಓದುತ್ತ ಓದುತ್ತ ಅವರ ಮುಖ ಹುಳ್ಳಗಾಯಿತು. "ಏನ್ರೀ ಇದು? ಇದನ್ನೆಲ್ಲ ಬರೆದ್ರೆ ನಾನು ಹೋಗಿ ನೋಡಬೇಕಾಗತ್ತಲ್ರೀ!"

"ಹೌದು ಸಾರ್, ನೋಡಬೇಕಾಗತ್ತೆ."

"ಇವನಿಗೆ ತಲೆ ಕೆಟ್ಟಿದೆ ಸಾರ್!" ಎಂದು ಮಾಲೀಕ ಅಡ್ಡ ಬಂದ. ಆದರೆ ಅಕ್ಷರಕ್ಕೆ ಇಳಿದದ್ದನ್ನು ಕಂಡೂ ಕಾಣದ ಹಾಗೆ ಬಿಟ್ಟರೆ ನಾಳೆ ತಮ್ಮ ಕುತ್ತಿಗೆಗೇ ಬರುತ್ತದೆಂದು ಅಧಿಕಾರಿಗೆ ಗೊತ್ತಿತ್ತು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮುಚ್ಚಳ ಎತ್ತಿದರು, ತಕ್ಷಣ ಧಡಾರನೆ ಹಾಕಿದರು. ಸಂಜೆಯೊಳಗೆ ಪಬ್ಬಿಗೆ ಮೂರು ವಾರದ ಬೀಗ ಬಿತ್ತು.

"ಒಳ್ಳೇದೇ ಮಾಡಿದ್ರಿ ಅಣ್ಣಾ. ಆದರೆ ಮೂರು ವಾರ ನಾನೆಲ್ಲಿಗೆ ಹೋಗಲಿ?" ಎಂದಳು ಲೋಟ ತೊಳೆಯುವವಳು. ಅವನು ಅವಳ ಫೋನ್ ನಂಬರನ್ನು ಬರೆದುಕೊಂಡ.

ಸುದ್ದಿ ಹಬ್ಬಿ, ಉಳಿದ ಪಬ್ಬಿನವರು ಅವನ ಫೋನು ಎತ್ತುವುದನ್ನೇ ಬಿಟ್ಟರು. ಹೆಂಡತಿ ಮೊದಲು ಸಿಡಿಮಿಡಿಗೊಂಡಳು. ಜಿರಳೆ ಕಾಲಿನ ಕಥೆ ಕೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ಇಷ್ಟು ವರ್ಷ ಅದೇ ಶರಬತ್ತು ಕುಡಿದು ಬಂದು ನನ್ನ ಹತ್ತಿರ ಕೂರ್ತಿದ್ರಾ?" ಮುಂದಿನ ಎರಡು ದಿನ ಅವನ ಲೋಟವನ್ನು ಬೇರೆಯಾಗಿಯೇ ತೊಳೆದಳು.

ಎರಡು ವಾರದ ಮೇಲೆ ಒಂದೇ ಒಂದು ಕರೆ ಬಂತು. ಗಂಡ ತೀರಿದ ಮೇಲೆ ಚಿಕ್ಕ ಪಬ್ಬೊಂದನ್ನು ನಡೆಸುತ್ತಿದ್ದ ಹೆಂಗಸು. "ಇದ್ದದ್ದು ಇದ್ದ ಹಾಗೆ ಬರೆದುಕೊಡಿ. ಒಂದೊಂದೇ ಸರಿಮಾಡ್ತೀನಿ. ಆದರೆ ಲೋಟ ತೊಳೆಯಕ್ಕೆ ಜನ ಇಲ್ಲ, ಯಾರಾದ್ರೂ ಗೊತ್ತಾ?"

"ಒಬ್ಬರು ಗೊತ್ತು," ಎಂದ ಫೈಲಣ್ಣ. "ಮಂಡಿ ನೋವು ಇದೆ, ಕೂರಕ್ಕೆ ಸ್ಟೂಲು ಕೊಡಬೇಕು."

ಮೊದಲ ದಿನ ಪಬ್ಬಿನ ಒಡತಿ ಅಡುಗೆಮನೆಯ ಚರಂಡಿಯ ಜಾಲರಿ ಎತ್ತಿ ಟಾರ್ಚು ಹಿಡಿದಳು. ಕೊಳೆತ ನಿಂಬೆ ಸಿಪ್ಪೆ, ಕೂದಲು, ಬಿಳಿ ಹುಳಗಳು. ಒಮ್ಮೆಲೇ ಮೂಗಿಗೆ ಬಡಿದ ನಾತಕ್ಕೆ ಫೈಲಣ್ಣನ ಕಣ್ಣಲ್ಲಿ ನೀರು ಬಂತು. "ಥೂ!" ಎಂದು ಬಾಯ್ತುಂಬ ಬೈದು, ಇನ್ನಷ್ಟು ಹತ್ತಿರ ಬಗ್ಗಿ ನೋಡಿ, ಬರೆಯತೊಡಗಿದ.