ಅದು ಅಂದರೆ ಯಾರು

ಈ ವಯಸ್ಸಿನಲ್ಲೂ ಮನೆಯಲ್ಲಿ ಯಾರಾದರೂ 'ಅದು ಬಂತು' ಎಂದರೆ ನನ್ನ ಬೆನ್ನು ತಣ್ಣಗಾಗುತ್ತದೆ. ಮೊಮ್ಮಗಳು ಬಸ್ಸಿನ ಬಗ್ಗೆಯೋ ಕರೆಂಟಿನ ಬಗ್ಗೆಯೋ ಹೇಳಿರುತ್ತಾಳೆ. ನಾನು ಮಾತ್ರ ಬಾಗಿಲ ಕಡೆ ನೋಡುತ್ತೇನೆ. ಏಕೆಂದು ಮನೆಯವರಿಗೆ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ರಿಪ್ಪನ್‌ಪೇಟೆಯಲ್ಲಿ ಸೋದರಮಾವನ ಹಿಟ್ಟಿನ ಗಿರಣಿಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಮುಂದೆ ಓದುವ ಮನಸ್ಸಿರಲಿಲ್ಲ. ಗಿರಣಿ ಓಡುವಾಗ ಕಿವಿಗೆ ಬಾಯಿಟ್ಟು ಕೂಗಿದರೂ ಮಾತು ಅರ್ಧ ಕೇಳಿಸುತ್ತಿತ್ತು. ದಿನಕ್ಕೆರಡು ಸಲ ಕರೆಂಟು ಹೋಗುತ್ತಿತ್ತು. ಆಗ ಮೋಟಾರು ನಿಂತು, ಬೆಲ್ಟು ನಿಧಾನಕ್ಕೆ ಸುತ್ತಿ ಸುಮ್ಮನಾಗಿ, ಸರದಿಯಲ್ಲಿ ಕೂತವರ ಉಸಿರು ಸಹ ಕೇಳುವಷ್ಟು ನಿಶ್ಶಬ್ದವಾಗುತ್ತಿತ್ತು. ನಾವು ಮೂವರು ಗೆಳೆಯರು ಒಂದು ವಾರಪತ್ರಿಕೆಯ ಚಿತ್ರಕಥೆಯನ್ನು ಓದುತ್ತಿದ್ದುದು ಅಂಥ ಹೊತ್ತಿನಲ್ಲಿ.

ಮೂವರಲ್ಲಿ ಒಬ್ಬ ಬಸ್ ಸ್ಟ್ಯಾಂಡಿನ ಟಿಕೆಟ್ ಏಜೆಂಟ. ಶಿವಮೊಗ್ಗದ ಬಸ್ಸಿನಲ್ಲಿ ಬರುವ ಪತ್ರಿಕೆಗಳ ಕಟ್ಟು ಬಿಚ್ಚುವವನು ಅವನೇ ಆದ್ದರಿಂದ ಊರಿನ ಎಲ್ಲರಿಗಿಂತ ಮೊದಲು ಕಥೆ ನಮ್ಮ ಕೈಗೆ ಸಿಗುತ್ತಿತ್ತು. ಇನ್ನೊಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು, ಸಾಗರದ ಕಡೆಯ ತೋಟದ ಮನೆಯವನು. ಮೂರನೆಯವನು ನಾನು.

ಅದು ಬರೀ ಓದುವ ಕಥೆಯಾಗಿರಲಿಲ್ಲ. ಪುಟ ತುಂಬ ಕಪ್ಪು ಶಾಯಿಯ ಚಿತ್ರ, ಅದರ ಕೆಳಗೆ ಎರಡು ಮೂರು ಸಾಲು ಮಾತು. ಕೊನೆಯಲ್ಲಿ ಓದುಗರಿಗೆ ಒಂದು ಪ್ರಶ್ನೆ ಇರುತ್ತಿತ್ತು. ಕಥೆಯ ಹುಡುಗ ಬಾವಿಯೊಳಗೆ ಇಳಿಯಬೇಕೆ, ಬೇಡವೆ? ಪೂಜಾರಿಯನ್ನು ನಂಬಬೇಕೆ, ಬೇಡವೆ? ಕಾರ್ಡು ಬರೆದು ಹಾಕಬೇಕು. ಹೆಚ್ಚು ಜನ ಹೇಳಿದ ದಾರಿಯಲ್ಲಿ ಕಥೆ ಮುಂದೆ ಹೋಗುತ್ತದೆ ಎಂದು ಪತ್ರಿಕೆಯವರು ಹೇಳಿದ್ದರು. ಹಾಗಾಗಿ ಆ ಹುಡುಗನನ್ನು ನಾವೇ ಕೈಹಿಡಿದು ನಡೆಸುತ್ತಿದ್ದೇವೆ ಎಂಬ ಭಾವನೆ ನಮಗಿತ್ತು. ಅವನಿಗೇನಾದರೂ ಆದರೆ ಅದಕ್ಕೆ ನಾವೇ ಹೊಣೆ ಎಂಬ ಹೆದರಿಕೆಯೂ ಇತ್ತು.

ಕಥೆ ಇಷ್ಟು. ಕಾಣೆಯಾದ ಅಣ್ಣನನ್ನು ಹುಡುಕಿಕೊಂಡು ಹುಡುಗನೊಬ್ಬ ಕಾಡಿನಾಚೆಯ ಒಂದು ಹಳ್ಳಿಗೆ ಬರುತ್ತಾನೆ. ಅಲ್ಲಿ ಅಮಾವಾಸ್ಯೆಗೊಬ್ಬರು ಸಾಯುತ್ತಿರುತ್ತಾರೆ. ಸಾಯುವ ಮುಂಚೆ ಪ್ರತಿಯೊಬ್ಬರೂ ಹೇಳುವುದು ಒಂದೇ ಮಾತು: ಅದು ಬಂತು.

"ದೆವ್ವನೇ ಮಾರಾಯ," ಎಂದ ಏಜೆಂಟ. "ಮನುಷ್ಯ ಆಗಿದ್ರೆ ಅವನು ಬಂದ ಅಂತಿದ್ರು. ಸಾಯೋರು ಸುಳ್ಳು ಹೇಳ್ತಾರಾ?"

"ದೆವ್ವಕ್ಕೆ ಕಾಲಿರತ್ತಾ? ಇಲ್ನೋಡು, ಹೊಸ್ತಿಲ ಮೇಲೆ ಮಣ್ಣಿನ ಹೆಜ್ಜೆ," ಎಂದೆ.

"ಹಂಗಾದ್ರೆ ಕಾಲು ತೊಳೀದೆ ಬಂದ ದೆವ್ವ."

ಮೇಷ್ಟ್ರು ನಗಲಿಲ್ಲ. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದವನು ತನ್ನ ಮನೆಮಾತಿನಲ್ಲೇ ಹೇಳಿದ: "ಎಂತ ಮಾರಾಯ್ರೆ ನಿಂಗೊ. ಎಂಗಳ ಮನೇಲಿ ಅತ್ತಿಗೆ ತವರಿಂದ ಬಂದ್ರೂ 'ಅದು ಬಂತು' ಹೇಳದು. ಹೆಂಗಸ್ರಿಗೆ ಎಂಗೊ ಹಾಂಗೇ ಹೇಳದು. ಇದು ದೆವ್ವ ಅಲ್ಲ. ಹೆಂಗಸು."

ನನಗೆ ನಿಜವಾಗಿ ಹೆದರಿಕೆ ಶುರುವಾದದ್ದು ಆ ಕ್ಷಣದಲ್ಲಿ. ದೆವ್ವವಾದರೆ ಹೊರಗಿರುತ್ತದೆ, ಬಾಗಿಲು ಹಾಕಿಕೊಂಡರೆ ಮುಗಿಯಿತು. ಹೆಂಗಸಾದರೆ ನಾವೇ ಬಾಗಿಲು ತೆಗೆದು, ಬನ್ನಿ ಎಂದು ಕರೆದು, ಕೂರಲು ಮಣೆ ಕೊಡುತ್ತೇವೆ.

ಹಳೆಯ ಸಂಚಿಕೆಗಳನ್ನೆಲ್ಲ ತೆಗೆದು ಮತ್ತೆ ನೋಡಿದೆವು. ಅಷ್ಟು ದಿನ ನಮ್ಮ ಕಣ್ಣು ಹುಡುಗನ ಮೇಲೆಯೇ ಇತ್ತು. ಈಗ ಮೂಲೆಗಳನ್ನು ನೋಡಿದೆವು. ಸಾವು ನಡೆದ ಮನೆಯ ಚಿತ್ರಗಳಲ್ಲೆಲ್ಲ ಎಲ್ಲೋ ಹಿಂದೆ, ಬಾವಿಕಟ್ಟೆಯ ಬಳಿಯೋ ಬಾಗಿಲ ಮರೆಯಲ್ಲೋ, ಬೆರಳುಗಾತ್ರದ ಒಂದು ಹೆಂಗಸಿತ್ತು. ಮುಖವಿಲ್ಲ. ಬೆನ್ನು ಮಾತ್ರ. ಸೊಂಟದ ಮೇಲೆ ಒಂದು ಡಬ್ಬ. ಮೊದಲ ವಾರದಿಂದಲೂ ಅವಳು ಅಲ್ಲೇ ಇದ್ದಳು, ನಾವು ಕಂಡಿರಲಿಲ್ಲ. ಏಜೆಂಟ ಮೆಲ್ಲಗೆ ಪುಸ್ತಕ ಮುಚ್ಚಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದ. ಆ ಹೊತ್ತಿನಲ್ಲಿ ಯಾವ ಬಸ್ಸೂ ಇರಲಿಲ್ಲ.

ಅಂದು ಸಂಜೆ ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ಹಳ್ಳದ ಮೇಲಿನ ಮರದ ಸಂಕ ದಾಟುವ ಮುಂಚೆ ಇಳಿದು ಹಿಂದೆ ನೋಡಿದೆ. ದಾಟಿದ ಮೇಲೂ ನೋಡಿದೆ. ಅದು ರೂಢಿಯೇ ಆಗಿಹೋಯಿತು.

ಗಿರಣಿಗೆ ಉದ್ದು ಬೀಸಿಸಲು ಒಬ್ಬ ಹೆಂಗಸು ಬರುತ್ತಿದ್ದಳು. ಹಪ್ಪಳ ಮಾಡಿ ಮನೆಮನೆಗೆ ಮಾರುವವಳು. ಊರಿಗೆಲ್ಲ ಅವಳು ಹಪ್ಪಳದಮ್ಮ. ಬ್ಯಾಕೋಡಿನ ಕಡೆಯವಳು, ಗಂಡ ಸತ್ತ ಮೇಲೆ ಇಲ್ಲಿ ಬಂದು ಎಣ್ಣೆ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಬಲಗೈ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದಕ್ಕೆ ಡಬ್ಬವನ್ನು ಯಾವಾಗಲೂ ಎಡಸೊಂಟದ ಮೇಲೆ ಹೊರುತ್ತಿದ್ದಳು. ನನ್ನನ್ನು ತಮ್ಮ ಎಂದು ಕರೆಯುತ್ತಿದ್ದಳು. "ತಮ್ಮಾ, ನುಣ್ಣಗೆ ಬೀಸು, ತರಿ ಇದ್ರೆ ಲಟ್ಟಣಿಗೆಗೆ ಬರೂದಿಲ್ಲ," ಎನ್ನುತ್ತಿದ್ದಳು. ಒಂದೊಂದು ಸಲ ಎರಡು ಹಪ್ಪಳ ಕಾಗದದಲ್ಲಿ ಸುತ್ತಿ ಕಿಟಕಿಯ ಮೇಲೆ ಇಟ್ಟು ಹೋಗುತ್ತಿದ್ದಳು. ಅಂಥವಳು ಸೊಂಟದ ಮೇಲೆ ಡಬ್ಬ ಹೊತ್ತು ಬೆಳಕಿಗೆ ಬೆನ್ನು ಮಾಡಿ ಬಾಗಿಲಲ್ಲಿ ನಿಂತಾಗ ಈಗ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಚಿತ್ರ ಬರೆದವನು ಅವಳನ್ನು ನೋಡಿಯೇ ಇಲ್ಲ ಎಂದು ಗೊತ್ತಿತ್ತು. ಗೊತ್ತಿದ್ದರೂ ಎದೆ ಕೇಳಬೇಕಲ್ಲ.

ಒಂದು ಮಧ್ಯಾಹ್ನ ಗಿರಣಿ ತುಂಬ ಜನ. ಮೋಟಾರು ಓಡುತ್ತಿತ್ತು. ಏಜೆಂಟ ನನ್ನ ಕಿವಿಯ ಬಳಿ ಕೂಗಿದ: "ಹೆಂಗಸೇ ಅಂತ ಇಟ್ಕೋ. ಎಲ್ಲರ ಮನೆಗೂ ಹ್ಯಾಂಗೆ ನುಗ್ತಾಳೆ? ಯಾರೂ ಕೇಳೋದಿಲ್ವಾ?"

ನಾನು ಅಷ್ಟೇ ಜೋರಾಗಿ ಕೂಗಿದೆ: "ಮಾರೋಕೆ ಬರೋರ್ನ ಯಾರು ಕೇಳ್ತಾರೆ? ನಮ್ಮ ಹಪ್ಪಳದಮ್ಮನ್ನೇ ನೋಡು. ಅವಳೇ ವಿಷ ಹಾಕೋದು."

ನಾನು ಹೇಳಬೇಕೆಂದಿದ್ದದ್ದು ಹಪ್ಪಳದಮ್ಮನಂಥವಳು ಎಂದು. ಆದರೆ 'ನೋಡು' ಎನ್ನುವಾಗ ಕರೆಂಟು ಹೋಗಿತ್ತು. ಕೊನೆಯ ಮೂರು ಮಾತು ಆ ನಿಶ್ಶಬ್ದದಲ್ಲಿ ಬಿದ್ದವು. ಸರದಿಯಲ್ಲಿ ಕೂತಿದ್ದ ಹೆಂಗಸರೆಲ್ಲ ತಲೆಯೆತ್ತಿದರು.

ಪಕ್ಕದ ಹಳ್ಳಿಯ ಗೌಡರ ಮನೆಯ ಹಿರಿಯ ಹೆಂಗಸೊಬ್ಬರು ಮುಂದೆಯೇ ಕೂತಿದ್ದರು, ಗದ್ದಲದಲ್ಲೂ ಹೆಸರು ಅವರ ಕಿವಿಗೆ ಬಿದ್ದಿತ್ತು. "ಯಾರು ಮಾರಾಯ, ನಮ್ಮ ಹಪ್ಪಳದೋಳಾ?" ಎಂದು ಕೇಳಿದರು.

ಅದು ಕಥೆ ಅಮ್ಮ, ಎನ್ನಬೇಕಿತ್ತು. ಪತ್ರಿಕೆ ನನ್ನ ಕೈಯಲ್ಲೇ ಇತ್ತು, ತೋರಿಸಬಹುದಿತ್ತು. ಆದರೆ ಅವರ ಮುಖದಲ್ಲಿ ಹೆದರಿಕೆ ಮೂಡುವುದನ್ನು ಕಂಡೆ. ಎಷ್ಟೋ ದಿನದಿಂದ ನಾನೊಬ್ಬನೇ ಹೊತ್ತಿದ್ದ ಹೆದರಿಕೆ ಇನ್ನೊಬ್ಬರಿಗೆ ದಾಟಿದ್ದು ಕಂಡು ನನಗೆ ಹಗುರವಾಯಿತು. ಸುಖವೇ ಆಯಿತು ಎನ್ನಬೇಕು. ನಗುತ್ತ ಹೇಳಿದೆ: "ನಾನೆಂತ ಹೇಳ್ಲಿ ಅಮ್ಮ. ನೀವು ತಿನ್ನೋರು, ನೀವೇ ನೋಡ್ಕೊಳ್ಳಿ."

ಮೇಷ್ಟ್ರು ನನ್ನನ್ನೇ ನೋಡಿದ. "ಕಥೆ ಅಂತ ಹೇಳೋ," ಎಂದ, ಮೆಲ್ಲಗೆ. ಅಷ್ಟರಲ್ಲಿ ಕರೆಂಟು ಬಂತು. ನಾನು ಬೆಲ್ಟಿನ ಕಡೆ ತಿರುಗಿಕೊಂಡೆ.

ಸ್ವಲ್ಪ ದಿನಕ್ಕೆ ಗೌಡರ ಆ ಹಳ್ಳಿಯಲ್ಲಿ ಒಂದು ಮಗು ವಾಂತಿಭೇದಿಯಾಗಿ ಸತ್ತಿತು. ಆ ವರ್ಷ ಹೊಸನಗರದ ಕಡೆಯೂ ವಾಂತಿಭೇದಿ ಇತ್ತು, ನೀರು ಕುದಿಸಿ ಕುಡಿಯಿರಿ ಎಂದು ಡಂಗುರ ಹೊಡೆಸಿದ್ದರು. ಅದು ಯಾರಿಗೂ ನೆನಪಾಗಲಿಲ್ಲ. ಆ ಮನೆಯವರು ಹಪ್ಪಳ ಕೊಂಡಿದ್ದು ಮಾತ್ರ ನೆನಪಾಯಿತು. ಮಾತು ಗಿರಣಿಗೇ ತಿರುಗಿ ಬಂದಾಗ ನನಗೆ ಅದರ ಗುರುತು ಹತ್ತಲಿಲ್ಲ, ಅಷ್ಟು ಬೆಳೆದಿತ್ತು. ಅವಳು ಹೋದ ಮನೆಗಳಲ್ಲೆಲ್ಲ ಒಂದೊಂದು ಸಾವಾಗಿದೆಯಂತೆ. ಬ್ಯಾಕೋಡಿನಿಂದ ಓಡಿಸಿದ್ದೂ ಅದಕ್ಕೇ ಅಂತೆ. ಅದನ್ನು ಕೇಳಿ, ಹುಟ್ಟಿಸಿದವನು ನಾನೇ ಎಂಬುದನ್ನು ಮರೆತು, ಇದ್ದರೂ ಇರಬಹುದು ಎಂದುಕೊಂಡೆ. ಕಿಟಕಿಯ ಮೇಲಿದ್ದ ಅವಳ ಹಪ್ಪಳದ ಪೊಟ್ಟಣವನ್ನು ಕಡ್ಡಿಯಿಂದ ದೂಡಿ ಹೊರಗೆ ಬೀಳಿಸಿದೆ. ಕೈಯಿಂದ ಮುಟ್ಟಲಿಲ್ಲ.

ಅವಳು ಬಂದಾಗ ಗಿರಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಡಬ್ಬ ಖಾಲಿ ಇತ್ತು. ನನಗೇ ತಿಳಿಯದೆ ನಾನು ಮೋಟಾರಿನ ಆ ಬದಿಗೆ ಸರಿದೆ. ಅವಳು ಅದನ್ನು ಕಂಡಳು.

"ತಮ್ಮಾ, ನಿಂಗೂ ಹೆದರಿಕೆಯಾ?" ಎಂದಳು.

ನಾನು ಬೆಲ್ಟಿನ ಮೇಲಿನ ಹಿಟ್ಟು ಒರೆಸತೊಡಗಿದೆ.

"ಮಾತು ಇಲ್ಲೇ ಶುರುವಾಗಿದ್ದಂತೆ. ಮೇಷ್ಟ್ರು ಹೇಳಿದ್ರು, ಯಾವುದೋ ಪುಸ್ತಕದ ಕಥೆ ಅಂತ. ಅವರು ಹೇಳಿದ್ರೆ ಜನ ಕೇಳ್ತಿಲ್ಲ, ಮೊದ್ಲು ಆ ಮಾತು ಆಡಿದ್ದು ಅವರಲ್ವಲ್ಲ. ನೀ ಒಂದ್ಸಲ ಆ ಮಗು ಹೋದ ಮನೆಗೆ ಬಂದು ಪುಸ್ತಕ ತೋರ್ಸು. ಕಥೆ ಅಂತ ಹೇಳು. ಅಷ್ಟೇ ಸಾಕು. ಯಾರೂ ಬಾಗಿಲು ತೆಗೀತಿಲ್ಲ ತಮ್ಮಾ. ಕೋಣೆ ಬಿಡು ಅಂತಿದ್ದಾರೆ."

"ನಾಳೆ ಬರ್ತೀನಿ," ಎಂದೆ.

ಮರುದಿನ ಪತ್ರಿಕೆಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೊರಟೆ. ಆ ಮನೆಯ ಅಂಗಳ ಕಾಣುವವರೆಗೂ ಹೋದೆ. ಜಗಲಿಯ ಮೇಲೆ ಗಂಡಸರು ಕೂತಿದ್ದರು. ಮಗುವಿನ ಅಪ್ಪ ಕಂಬಕ್ಕೆ ಒರಗಿ ಕತ್ತಿಯ ಹಿಡಿಯನ್ನು ಸುಮ್ಮನೆ ಉಜ್ಜುತ್ತಿದ್ದ. ಸುಳ್ಳು ಹಬ್ಬಿಸಿದವನು ನಾನು ಎಂದು ಹೇಳಿದರೆ ಅವನ ಸಿಟ್ಟು ಎತ್ತ ತಿರುಗುತ್ತದೆ? ಬೇಲಿಯ ಈಚೆಯಿಂದಲೇ ತಿರುಗಿದೆ. ದಾರಿಯಲ್ಲಿ ಅಂಗಳದ ಹೊರಗೆ, ಧರೆಯ ಮಣ್ಣುಗೋಡೆಯ ಪಕ್ಕದಲ್ಲಿ, ಅವಳು ನನಗಾಗಿ ಕಾಯುತ್ತ ನಿಂತಿದ್ದು ಕಂಡಿತು. ನಾನು ಒಳದಾರಿ ಹಿಡಿದೆ.

ಆ ವಾರದ ಕಥೆಯ ಕೊನೆಯಲ್ಲಿದ್ದ ಪ್ರಶ್ನೆ ನೆನಪಿದೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಹುಡುಗ ತೆಗೆಯಬೇಕೆ, ಬೇಡವೆ? ನಾನು ಬೇಡ ಎಂದು ಕಾರ್ಡು ಬರೆದೆ. ಎಲ್ಲರೂ ಹಾಗೇ ಬರೆದಿರಬೇಕು. ಮುಂದಿನ ವಾರ ಪುಟ ತುಂಬ ಮುಚ್ಚಿದ ಬಾಗಿಲಿನ ಚಿತ್ರ ಬಂತು, ಬೇರೇನೂ ಇಲ್ಲ. ಅದಾದ ಮೇಲೆ ಪತ್ರಿಕೆಯೇ ನಿಂತುಹೋಯಿತು. ಕೊಂದವರು ಯಾರೆಂದು ನಮಗೆ ಇಂದಿಗೂ ಗೊತ್ತಿಲ್ಲ. ಅಷ್ಟು ಹೊತ್ತಿಗೆ ಹಪ್ಪಳದಮ್ಮ ಕೋಣೆ ಬಿಟ್ಟು ಸಾಗರದ ಬಸ್ಸು ಹತ್ತಿದ್ದಳು. ಟಿಕೆಟ್ ಕೊಟ್ಟವನು ಏಜೆಂಟ. ಅವಳು ಅವನ ಮುಖ ನೋಡಲಿಲ್ಲವಂತೆ. ಮೇಷ್ಟ್ರು ಗಿರಣಿಗೆ ಬರುವುದನ್ನು ಬಿಟ್ಟ.

ಎಂಬತ್ತರ ದಶಕದ ನಡುವೆ ನನಗೆ ಮದುವೆಯಾಗಿ, ಮೊದಲ ಮಗುವಿಗೆ ಒಮ್ಮೆ ವಾಂತಿಭೇದಿ ಹತ್ತಿತು. ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಉಳಿಯಿತು. ಮಗುವಿನ ಮಂಚದ ಪಕ್ಕ ಕೂತಾಗ, ಯಾರ ಮೇಲಾದರೂ ತಪ್ಪು ಹೊರಿಸಲು ನನ್ನ ಮನಸ್ಸು ಹುಡುಕುತ್ತಿದ್ದುದು ನನಗೇ ಕಂಡಿತು. ಹೆದರಿದೆ. ಮಗು ಮನೆಗೆ ಬಂದ ಮೇಲೆ ಹೆಂಡತಿಗೆ ಇಕ್ಕೇರಿಗೆ ಹರಕೆ ಎಂದು ಸುಳ್ಳು ಹೇಳಿ, ಸಾಗರಕ್ಕೆ ಹೋಗಿ, ಅಲ್ಲಿಂದ ಹಿನ್ನೀರಿನ ಲಾಂಚ್ ದಾಟಿ ಬ್ಯಾಕೋಡಿಗೆ ಹೋದೆ. ತಪ್ಪಾಯಿತು ಎಂದು ಹೇಳಬೇಕು. ಅವಳು ಬಯ್ದರೆ ಬಯ್ಯಲಿ.

ಬಸ್ಸು ನಿಲ್ಲುವಲ್ಲಿನ ಅಂಗಡಿಯಲ್ಲಿ ಹಪ್ಪಳದ ಕಟ್ಟುಗಳು ತೂಗುತ್ತಿದ್ದವು. ಮಾಡುವವರು ಯಾರು ಎಂದು ಕೇಳಿದೆ. ಅಂಗಡಿಯವರು ಸಕ್ಕರೆ ಕಟ್ಟುತ್ತ, ತಲೆ ಎತ್ತದೆ ಹೇಳಿದರು:

"ಅದಾ? ಅದು ಈಗಷ್ಟೇ ಬಂದು ಹೋತು."

ಹಾಡಹಗಲು. ಸುತ್ತ ಜನ ಇದ್ದರು. ಆದರೂ ನನ್ನ ಮೈ ಜುಮ್ಮೆಂದಿತು. ಹೊರಗೆ ಬಂದು ನೋಡಿದರೆ ಕೆಂಪು ದಾರಿಯ ಏರಿನಲ್ಲಿ ಒಂದು ಬೆನ್ನು, ಎಡಸೊಂಟದ ಮೇಲೆ ಡಬ್ಬ. ಕೂದಲು ಬೆಳ್ಳಗಾಗಿತ್ತು.

"ಅಮ್ಮಾ," ಎಂದು ಕರೆದೆ.

ತಿರುಗಿದಳು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಗುರುತಾದ ಮೇಲೆ ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಗಿರಣಿಯಲ್ಲಿ ಆ ಗೌಡರ ಮನೆಯ ಹೆಂಗಸಿನ ಮುಖದಲ್ಲಿ ಮೂಡಿದ್ದೇ ಇವಳ ಮುಖದಲ್ಲೂ ಮೂಡಿತು. ಎರಡು ಹೆಜ್ಜೆ ಹಿಂದೆ ಸರಿದು, ಡಬ್ಬವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಳು. ಅಂಗಡಿಯ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಕೇಳಿದಳು:

"ಇಲ್ಲೂ ಹೇಳೋಕೆ ಬಂದ್ರಾ?"

ತಮ್ಮ ಎನ್ನಲಿಲ್ಲ. ಬಹುವಚನದಲ್ಲಿ ಕೇಳಿದಳು.

"ಇಲ್ಲ," ಎಂದೆ. ಲಾಂಚಿನಲ್ಲಿ ಕೂತು ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಬೇರೆ ಯಾವುದೂ ಬರಲಿಲ್ಲ. ಅಂಗಡಿಯವರು ಕತ್ತು ಹೊರಗೆ ಚಾಚಿ, "ಎಂತ, ಗುರುತಿನವ್ರಾ?" ಎಂದರು.

ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಲ್ಲಿ ನಿಂತು ಕ್ಷಮೆ ಕೇಳಿದರೆ ಯಾವುದಕ್ಕೆ ಎಂದು ಅಂಗಡಿಯವರು ಕೇಳುತ್ತಾರೆ. ನಾನು ಹೇಳಬೇಕಾಗುತ್ತದೆ. ಹಪ್ಪಳ, ವಿಷ, ಮಗು ಎಂಬ ಮೂರು ಮಾತು ಈ ಊರಿನಲ್ಲೂ ಒಟ್ಟಿಗೆ ಬೀಳುತ್ತವೆ.

"ಅಲ್ಲ. ಬೇರೆ ಯಾರೋ ಅಂದ್ಕೊಂಡೆ," ಎಂದೆ.

ನಾನು ಬಂದಿದ್ದ ಬಸ್ಸೇ ತಿರುಗಿ ಹೊರಡಲಿತ್ತು, ಅದನ್ನೇ ಹತ್ತಿದೆ. ಅವಳು ಮನೆಗೆ ಹೋಗಲಿಲ್ಲ. ಏರಿನಿಂದ ಇಳಿದು ಬಂದು ಅಂಗಡಿಯ ಮಾಡಿನ ಕೆಳಗೆ, ಡಬ್ಬ ಹಿಡಿದುಕೊಂಡೇ ನಿಂತಳು. ಬಸ್ಸು ತುಂಬುವವರೆಗೂ ನಿಂತಿದ್ದಳು. ಡ್ರೈವರ್ ಚಹಾ ಕುಡಿದು ಬರುವವರೆಗೂ ನಿಂತಿದ್ದಳು. ನಾನು ನಿಜವಾಗಿ ಹೋದೆನೆಂದು ಕಣ್ಣಾರೆ ಕಾಣುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ.